ತೊಂಬತ್ತನೆಯ ಪುಟದ ಗುರುತು

ಭಾನುವಾರ, ಜೂನ್ ೯

ಅಮ್ಮಾ,

ಅಕ್ಕ, ಕೂಸು ಇಬ್ಬರೂ ಚೆನ್ನಾಗಿದ್ದಾರೆ ಎಂದು ನೀನು ಫೋನಿನಲ್ಲಿ ಹೇಳಿದಾಗ ನಾವೂ ಚೆನ್ನಾಗಿದ್ದೇವೆ ಅಂದೆ. ಅದು ಸುಳ್ಳು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅಪ್ಪನಿಗೆ ಕಣ್ಣು ಕಾಣುತ್ತಿಲ್ಲ.

ಪ್ರೆಸ್ಸಿನಲ್ಲಿ ನಮ್ಮ ಕೆಲಸ ನಿನಗೆ ಗೊತ್ತಿರುವುದೇ. ಹೋದ ವರ್ಷ ಒಂಬತ್ತನೇ ತರಗತಿಗೆ ಕೈಮುಗಿದು ಬಂದ ನನ್ನನ್ನು ಅಪ್ಪ ಎದುರಿನ ಸ್ಟೂಲಿನ ಮೇಲೆ ಕೂರಿಸಿದರು. ನಾನು ಮೂಲಪ್ರತಿಯನ್ನು ಅಲ್ಪವಿರಾಮ ಸಹಿತ ಗಟ್ಟಿಯಾಗಿ ಓದಬೇಕು. ಅವರು ಕರಡಿನಲ್ಲಿ ಕಣ್ಣಾಡಿಸಿ ಕೆಂಪು ಪೆನ್ಸಿಲಿನಿಂದ ತಿದ್ದಬೇಕು. ಈ ಸಲದ ಪುಸ್ತಕ ಇಂಗ್ಲಿಷ್ ಕಲಿಯುವವರಿಗೆ, ನಿವೃತ್ತ ಮೇಡಂ ಒಬ್ಬರು ಬರೆದದ್ದು. ಕಲರ್‌ಗೆ ಯು ಬೇಕೋ ಬೇಡವೋ, ಗ್ರೇ ಬರೆಯಲು ಎ ಸರಿಯೋ ಇ ಸರಿಯೋ, ಯಾವ ಪದ ಎಲ್ಲಿ ಸಲ್ಲುತ್ತದೆ, ಹೀಗೆ ಮುನ್ನೂರು ಪ್ರಶ್ನೆ. "ಸ್ಪೆಲ್ಲಿಂಗಿಗೆ ಹೆದರಿ ಶಾಲೆ ಬಿಟ್ಟೋಳಿಗೆ ಇದೇ ಗಂಟುಬಿತ್ತಲ್ಲೇ" ಎಂದು ಕಂಪೋಸಿಂಗ್ ಅಣ್ಣ ನಕ್ಕ. ನಗಲಿ. ಒಂದು ಕಡೆ ನಿಲ್ಲದ ನಾನು ಮೂರು ಮೂರು ಗಂಟೆ ಅಲ್ಲಾಡದೆ ಕೂತೆ. ನನಗದು ಹಿಡಿಸಿತು ಅಮ್ಮಾ. "ಎರಡೂ ಸರಿ ಇರಬಹುದು ಕಣೇ, ಆದ್ರೆ ಒಂದು ಪುಸ್ತಕದೊಳಗೆ ಒಂದೇ ಇರ್ಬೇಕು. ಓದೋರು ನಮ್ಮನ್ನ ನಂಬಿರ್ತಾರೆ" ಅನ್ನುತ್ತಿದ್ದರು ಅಪ್ಪ.

ಮೂರು ವಾರದ ಹಿಂದೆ ಕರಡಿನಲ್ಲಿ ಒಂದಿಡೀ ಸಾಲು ಬಿಟ್ಟುಹೋಗಿತ್ತು. ಮೂಲಪ್ರತಿಯಲ್ಲಿದ್ದ ಆ ಸಾಲನ್ನು ನಾನು ಓದಿದೆ. ಅಪ್ಪ ತಲೆಯಾಡಿಸಿ "ಹ್ಞೂ, ಮುಂದೆ" ಅಂದರು. ಪೆನ್ಸಿಲ್ ಅಲುಗಲಿಲ್ಲ. ಅಂದಿನಿಂದ ಅವರು ಊಟಕ್ಕೆ ಎದ್ದಾಗಲೆಲ್ಲ ಕರಡನ್ನು ನನ್ನ ಕಡೆ ಎಳೆದುಕೊಂಡು ನಾನೇ ತಿದ್ದಿದೆ. ಮಾಲೀಕರು "ಈ ಕಣ್ಣಿಗೆ ಸಾಟಿ ಇಲ್ಲ ಬಿಡಿ" ಎಂದು ಹೊಗಳಿದರೆ ಅಪ್ಪ ಸುಮ್ಮನೆ ಕೆಮ್ಮುತ್ತಿದ್ದರು.

ಗುರುವಾರ ತಿದ್ದಿದ ಕರಡು ನೋಡಲು ಮೇಡಂ ಬಂದರು. ಗ್ರೇ ಎರಡು ರೀತಿಯೂ ಸರಿ ಎಂದು ಹನ್ನೆರಡನೆಯ ಪುಟದಲ್ಲಿ ಬರೆದಿದ್ದವರು, ತೊಂಬತ್ತರಲ್ಲಿ ಅದರಲ್ಲೊಂದನ್ನು ತಪ್ಪುಗಳ ಪಟ್ಟಿಗೆ ಸೇರಿಸಿದ್ದರು. ಪಕ್ಕದಲ್ಲಿ ಕೆಂಪು ಗುರುತು. "ನಲವತ್ತು ವರ್ಷ ಪಾಠ ಮಾಡಿದ ನನ್ನ ಕಣ್ಣಿಗೇ ಇದು ಬೀಳ್ಲಿಲ್ಲ. ಮುನ್ನುಡೀಲಿ ನಿಮ್ಮ ಹೆಸರು ಹಾಕ್ತೀನಿ" ಎಂದು ಅಪ್ಪನತ್ತ ಕೈಚಾಚಿದರು. ಕೈ ಗಾಳಿಯಲ್ಲೇ ನಿಂತಿತು. ಅಪ್ಪ ದನಿ ಬಂದ ಕಡೆಗೆ ತಿರುಗಿ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಆ ಗುರುತು ನನ್ನದು ಮೇಡಂ. ಅಪ್ಪಂಗೆ ಕಾಣಲ್ಲ" ಅಂದುಬಿಟ್ಟೆ. ಎಲ್ಲರ ಮುಂದೆ.

ಮೇಡಂ ತಾವೇ ಅಪ್ಪನ ಕೈ ಹಿಡಿದುಕೊಂಡರು. ಮಾಲೀಕರು ಕೆಟ್ಟವರಲ್ಲ, "ಇವಳು ನೋಡಿ ಓದ್ಲಿ, ನೀವು ಕೇಳಿ ಹೇಳಿ, ಕೆಲಸ ನಡೀಲಿ" ಅಂದರು. ಅಪ್ಪ ಕನ್ನಡಕವನ್ನು ಮೇಜಿನ ಮೇಲಿಟ್ಟು, ಗೋಡೆ ಸವರಿಕೊಂಡು ಹೊರಟರು. ಮನೆ ಬರುವವರೆಗೂ ಒಂದೇ ಮಾತು: "ನನ್ನನ್ನ ಒಂದ್ಸಲ ಕೇಳಿ ಹೇಳ್ಬಹುದಿತ್ತು." ಆಮೇಲೆ ಇಬ್ಬರೂ ಪ್ರೆಸ್ಸಿಗೆ ಹೋಗಿಲ್ಲ.

ನಿನ್ನೆ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಹೋದ ನೋಟ ತಿರುಗಿ ಬಾರದು, ಉಳಿದಷ್ಟನ್ನು ಕಾಪಾಡಿಕೊಳ್ಳಬೇಕು ಎಂದರು. ಅಕ್ಕನಿಗೆ ಸಮಾಧಾನ ಹೇಳಿ ಬೇಗ ಬಾ. ನೀನು ಕರೆದರೆ ಅಪ್ಪ ಮತ್ತೆ ಆ ಮೇಜಿಗೆ ಬಂದಾರು.

ನಿನ್ನ
ಗಿರಗಿಟ್ಟಲೆ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಮೂರು ವಾರ ಎಂದು ಮೇಲೆ ಬರೆದದ್ದು ಸುಳ್ಳು. ಏಳು ತಿಂಗಳ ಹಿಂದೆ, ನೀನಿನ್ನೂ ಮನೆಯಲ್ಲಿದ್ದಾಗಲೇ ನನಗೆ ಗೊತ್ತಿತ್ತು. ಹೇಳಿದರೆ ಅಪ್ಪನ ಕೆಲಸದ ಜೊತೆ ನನ್ನ ಸ್ಟೂಲೂ ಹೋಗುತ್ತದೆ, ನೀನು ನನ್ನನ್ನು ಮತ್ತೆ ಶಾಲೆಗೆ ಅಟ್ಟುತ್ತೀ ಎಂದು ಸುಮ್ಮನಿದ್ದೆ. ಆರು ತಿಂಗಳು ಮೊದಲೇ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಡಾಕ್ಟರು ಕೇಳಿದರು. ಅಪ್ಪ ನನ್ನ ಭುಜ ಹಿಡಿದುಕೊಂಡೇ ನಿಂತಿದ್ದರು. "ಪಾಪ, ಯಾರಿಗೂ ಗೊತ್ತಾಗ್ಲಿಲ್ಲ ಡಾಕ್ಟ್ರೇ" ಅಂದರು.