ಅಮೆರಿಕದ ಉಳಿತಾಯ ಪಾಠ ಮತ್ತು ದ್ರೌಪತಿಯ ಹಿಡಿ ಜೋಳ

ಕೊಡಂಬಲ, ತಾಲ್ಲೂಕು ಹುಮನಾಬಾದ್
1966, ಬೇಸಿಗೆ

ಉಳಿತಾಯ ಪ್ರಚಾರದ ಹೊಣೆ ಹೊತ್ತ ಮಾನ್ಯರೇ,

ನಮ್ಮ ಕೇರಿಯ ದ್ರೌಪತಿ ಎಂಬ ಕೂಲಿ ಹೆಂಗಸಿನ ಉಳಿತಾಯ ಪತ್ರವನ್ನು ಅವಧಿಗೆ ಮುಂಚೆಯೇ ಬಿಡಿಸಿ, ಅವಳ ಹಣವನ್ನು ಅವಳ ಕೈಗೆ ಕೊಡಿಸಬೇಕು. ಅರ್ಜಿ ಹಾಕಿ ಹಾಕಿ ಸಾಕಾಯಿತು. ತಮ್ಮ ಕಚೇರಿಯಿಂದ ‘ಪರಿಶೀಲನೆಯಲ್ಲಿದೆ’ ಎಂಬ ಸುಳ್ಳಾದರೂ ಬರಲಿಲ್ಲ. ಅದಕ್ಕೇ ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಮ್ಮನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದೇ ಕೂತೆ. ಆದರೆ ಬರೆಯುತ್ತ ಹೋದಂತೆ ಬೈಗುಳದ ಅರ್ಧ ಪಾಲು ನನ್ನ ಕಡೆಗೇ ತಿರುಗುತ್ತಿದೆ. ಅವಳು ಆ ಪತ್ರ ಕೊಳ್ಳುವಂತೆ ಬೆನ್ನು ಹತ್ತಿದವನು ನಾನೇ.

ತಾವು ಬಸವಕಲ್ಯಾಣದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಿಗೆಲ್ಲ ಶಿಬಿರ ನಡೆಸಿದ್ದು ನೆನಪಿರಬಹುದು. ಊಟಕ್ಕೆ ಜಿಲೇಬಿ ಇತ್ತು, ಊಟದ ಮೇಲೆ ಭಾಷಣವಿತ್ತು. ಹೊರಡುವಾಗ ಎಲ್ಲರಿಗೂ ಒಂದು ಕೈಪಿಡಿ ಕೊಟ್ಟಿರಿ. ಅಮೆರಿಕದ ಯಾರೋ ಹಣಕಾಸಿನ ಪಂಡಿತರು ತಮ್ಮ ದೇಶದ ಸಂಸಾರಸ್ಥರಿಗೆಂದು ಬರೆದದ್ದು; ತಮ್ಮ ಕಚೇರಿ ಅದನ್ನು ಕನ್ನಡಕ್ಕೆ ಇಳಿಸಿತ್ತು. ಡಾಲರ್ ಇದ್ದಲ್ಲಿ ರೂಪಾಯಿ ಎಂದು ಹಾಕಿದ್ದೇ ಆ ಇಳಿಸುವಿಕೆ. ಸಂಬಳ ಬಂದ ದಿನವೇ ಹತ್ತನೇ ಒಂದು ಭಾಗ ತೆಗೆದಿಡಿ. ಚಳಿಗಾಲದ ಕಲ್ಲಿದ್ದಲನ್ನು ಬೇಸಿಗೆಯಲ್ಲೇ ಕೊಳ್ಳಿ. ಹೊಸ ಕಾರಿನ ಆಸೆಗೆ ಬಲಿಯಾಗದೆ ಹಳೆಯದನ್ನೇ ಇನ್ನೆರಡು ವರ್ಷ ಓಡಿಸಿ. ಈ ಕೊನೆಯ ಸಲಹೆಯನ್ನು ಕೊಡಂಬಲದ ಜನ ತಪ್ಪದೆ ಪಾಲಿಸಿದ್ದಾರೆ ಎಂದು ತಮಗೆ ತಿಳಿಸಲು ಹೆಮ್ಮೆಪಡುತ್ತೇನೆ.

ನಗು ಬರುವ ಪುಟಗಳಿಂದ ಹಾನಿಯಾಗಲಿಲ್ಲ. ಹಾನಿ ಮಾಡಿದ್ದು ಬುದ್ಧಿವಂತಿಕೆಯಂತೆ ಕಾಣುವ ಇನ್ನೊಂದು ಪುಟ. ‘ನಿಮ್ಮ ಉಳಿತಾಯವನ್ನು ನೆರೆಯವರೊಡನೆ ಬೆರೆಸಬೇಡಿ, ಅವರಿಗೆ ಕೊಡಬೇಡಿ, ಅವರಿಂದ ತೆಗೆದುಕೊಳ್ಳಬೇಡಿ. ಧಾನ್ಯ, ಪ್ರಾಣಿ ಇವೆಲ್ಲ ಉಳಿತಾಯವಲ್ಲ’ ಎಂದು ಅಲ್ಲಿ ಬರೆದಿತ್ತು. ಪ್ರತಿ ಭಾನುವಾರ ಶಾಲೆಯ ಕಟ್ಟೆಯ ಮೇಲೆ ಕೂತು ನಾನದನ್ನು ಗಟ್ಟಿಯಾಗಿ ಓದಿದೆ. ಯಾಕೆ ಓದಿದೆ? ದೇಶೋದ್ಧಾರಕ್ಕೆಂದು ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ. ನಿಜವೆಂದರೆ, ಹೆಚ್ಚು ಪತ್ರ ಮಾರಿಸಿದ ಮಾಸ್ತರನ ಹೆಸರು ಮೇಲಿನವರ ಕಿವಿಗೆ ಬೀಳುತ್ತದೆ ಎಂದು ತಾವು ಶಿಬಿರದಲ್ಲಿ ಅಂದಿದ್ದಿರಿ, ನನಗೆ ಹುಮನಾಬಾದಿಗೆ ವರ್ಗ ಬೇಕಾಗಿತ್ತು.

ನಮ್ಮ ಕೇರಿಯ ಹೆಂಗಸರದು ಒಂದು ಭಿಶಿ ಇದೆ, ಅಂದರೆ ಎಲ್ಲರೂ ಕೂಡಿಸಿ ಪಾಳಿಯಂತೆ ಒಬ್ಬೊಬ್ಬರಿಗೆ ಕೊಡುವ ಕೂಟ, ತಮ್ಮ ಕೈಪಿಡಿಯಲ್ಲಿ ಇಲ್ಲದ್ದು. ಅವರಿಗೆ ತಿಂಗಳ ಸಂಬಳವೆಂಬುದಿಲ್ಲ. ಸುಗ್ಗಿಯಲ್ಲಿ ಕೂಲಿಯೆಂದು ಜೋಳ ಬರುತ್ತದೆ. ಬೀಸಲು ಕೂತಾಗಲೆಲ್ಲ ಮನೆಯಾಕೆ ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕುತ್ತಾಳೆ. ಅಮಾವಾಸ್ಯೆಗೆ ಎಲ್ಲ ಗಡಿಗೆಗಳೂ ಪಾಳಿ ಬಂದ ಮನೆಗೆ ಹೋಗಿ ಬರಿದಾಗುತ್ತವೆ. ಯಾರ ಮನೆಯಲ್ಲಾದರೂ ಮದುವೆಯೋ ಬಾಣಂತನವೋ ಬಂದರೆ ಪಾಳಿ ತಾನಾಗಿ ಅವರಿಗೆ ಸರಿಯುತ್ತದೆ. ಇಷ್ಟೇ ಆಗಿದ್ದರೆ ತಮ್ಮ ಪಂಡಿತರು ‘ಬಡ್ಡಿ ಎಲ್ಲಿ?’ ಎಂದು ಕೇಳಬಹುದಿತ್ತು. ಬಡ್ಡಿ ಇದೆ ಸ್ವಾಮಿ. ಜೋಳದ ಜೊತೆ ಹೆಂಗಸರೂ ಬರುತ್ತಾರೆ. ಬೀಸುತ್ತಾರೆ, ರೊಟ್ಟಿ ಬಡಿಯುತ್ತಾರೆ, ನೀರು ತುಂಬುತ್ತಾರೆ, ಮದುಮಗಳಿಗೆ ಅರಿಸಿನ ಹಚ್ಚಿ ಹಾಡುತ್ತಾರೆ. ಆ ಮನೆಯ ತಾಯಿಗೆ ಮದುವೆ ಮುಗಿಯುವ ತನಕ ಒಲೆಯ ಚಿಂತೆ ಇರುವುದಿಲ್ಲ.

ದ್ರೌಪತಿ ವೈನಿ, ಕೇರಿಯ ವರಸೆಯಲ್ಲಿ ನನಗೆ ಅತ್ತಿಗೆ, ನಾನು ಓದಿದ್ದನ್ನು ಎಲ್ಲರಿಗಿಂತ ಗಮನವಿಟ್ಟು ಕೇಳಿದಳು. ನಮ್ಮ ಕೇರಿಯಿಂದ ಮಾಸ್ತರಿಕೆ ಹಿಡಿದ ಮೊದಲಿಗ ನಾನು. ನನ್ನ ಮಾತೆಂದರೆ ಅವಳಿಗೆ ಬರೆದಿಟ್ಟ ಮಾತು. ಎರಡು ಆಡು ಮಾರಿದಳು, ತನ್ನ ಪಾಳಿಯ ಜೋಳವನ್ನೂ ಮಾರಿದಳು, ತಮ್ಮ ಉಳಿತಾಯ ಪತ್ರ ಕೊಂಡಳು. ಮುಂದಿನ ಅಮಾವಾಸ್ಯೆಯಿಂದ ಅವಳ ಗಡಿಗೆ ಭಿಶಿಗೆ ಹೋಗಲಿಲ್ಲ. ಗಂಡ ನರಸಿಂಗ ಅನುಮಾನಪಟ್ಟಾಗ ಅವನ ಬಾಯಿ ಮುಚ್ಚಿಸಿದವಳೂ ಅವಳೇ: “ಮಾಸ್ತರ ನಮ್ಮ ಕೆಟ್ಟದ್ದಕ್ಕ ಹೇಳ್ತಾರೇನು? ಸುಮ್ಕಿರ್ರಿ.” ತಾವು ಜೀಪಿನಲ್ಲಿ ಬಂದು ಅವಳಿಗೆ ಹಾರ ಹಾಕಿದಿರಿ. ಅವಳ ಪಕ್ಕ ನಾನೂ ನಿಂತು ಫೋಟೋ ತೆಗೆಸಿಕೊಂಡೆ.

ಕಳೆದ ಬೇಸಿಗೆಯಲ್ಲಿ ಅವಳ ಮಗಳು ಸುಂದರಬಾಯಿಯ ಲಗ್ನ ಹುಲಸೂರಿನ ಹುಡುಗನೊಂದಿಗೆ ಗೊತ್ತಾಯಿತು. ಹಣ ಕೇಳಿದರೆ ಕಚೇರಿಯವರು ಅವಧಿ ಮುಗಿದಿಲ್ಲ ಎಂದರು. ಹಾಗಂತ ಪತ್ರದ ಮೇಲೆ ಅಚ್ಚಾಗಿತ್ತು; ಅವಳಿಗೆ ಓದು ಬಾರದು, ನನಗೆ ಬರುತ್ತದೆ. ನರಸಿಂಗ ಹೇಗೋ ಕೂಲಿಯ ಮೇಲೆ ಮುಂಗಡ ಎತ್ತಿ ಜೋಳ ತಂದ. ಬೀಸುವ ದಿನ ದ್ರೌಪತಿ ಬೀಸುಕಲ್ಲು ತೊಳೆದು, ಚಾಪೆ ಹಾಸಿ ಕಾದಳು. ಯಾರೂ ಬರಲಿಲ್ಲ.

ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ನಾನು ಓಡಿಹೋಗಿ ಕೇಳಿದಾಗ, ಭಿಶಿಯ ಹಿರಿಯಳಾದ ಗಯಾಬಾಯಿ ಹೇಳಿದ್ದಿಷ್ಟು: “ಆಕಿ ನಮ್ಮ ಜೋಳ ಬ್ಯಾಡಂತ ಬಿಟ್ಟಾಳಲ್ರಿ ಮಾಸ್ತರ. ಸರ್ಕಾರದಾಗ ರೊಕ್ಕ ಇಟ್ಟಾಕಿ. ಈಗ ನಾವು ಹಿಡಿ ಹಿಡಿ ಜೋಳ ಒಯ್ದು ಆಕಿ ಅಂಗಳದಾಗ ನಿಂತ್ರ, ಆಕಿಗಿ ಕಮ್ಮಿ ಮಾಡಿದಂಗ ಆಗೂದಿಲ್ಲೇನ್ರಿ? ಆಕಿ ಕರೀಲಿ, ಓಡಿ ಬರ್ತೇವಿ.”

ಅವರು ಅವಳ ಮರ್ಯಾದೆ ಕಾಯಲೆಂದು ಬರಲಿಲ್ಲ. ಬಿಟ್ಟವಳು ಯಾವ ಮುಖ ಹೊತ್ತು ಕರೆಯಲಿ ಎಂದು ಇವಳು ಕರೆಯಲಿಲ್ಲ. ನಾನು ನನ್ನ ಮನೆಯ ಜೋಳ ಹೊತ್ತು ಹೋದೆ. ಅವಳು ಬಾಗಿಲಲ್ಲೇ ತಡೆದಳು: “ಬ್ಯಾಡ್ರಿ ಮಾಸ್ತರ. ನೆರೆಯವರ ಕಡಿಂದ ತಗೋಬಾರ್ದಂತ ನೀವ ಓದಿ ಹೇಳೀರಲ್ರಿ.” ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳ ಹಿಂದೆ, ಒಳಗೆ, ಅರಿಸಿನ ಹಚ್ಚಿದ ಮದುಮಗಳೇ ಬೀಸುಕಲ್ಲಿನ ಮುಂದೆ ಕೂತು ತನ್ನ ಮದುವೆಯ ಹಿಟ್ಟು ಬೀಸುತ್ತಿದ್ದಳು. ನಮ್ಮಲ್ಲಿ ಅನಾಥ ಹುಡುಗಿಗೂ ಹಾಗೆ ಆಗಿದ್ದಿಲ್ಲ. ಅಕ್ಷತೆಯ ಹೊತ್ತಿಗೆ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಅದನ್ನು ಹುಲಸೂರಿನ ಬೀಗರೂ ನೋಡಿದರು.

ಮನೆಗೆ ಬಂದು ಹೆಂಡತಿ ಮೀರಾಬಾಯಿಯ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವಳು ಒಲೆಯ ಹಿಂದಿನಿಂದ ಒಂದು ಗಡಿಗೆ ಎಳೆದು ತೋರಿಸಿದಳು. ಅರ್ಧ ತುಂಬಿತ್ತು. “ನಾ ಏನ್ ಬಿಟ್ಟಿದ್ದಿಲ್ರಿ. ನೀವು ಕಟ್ಟಿ ಮ್ಯಾಲ ಓದಾಕತ್ತಿದ್ರಿ, ನಾ ಇಲ್ಲಿ ಹಾಕಾಕತ್ತಿದ್ದೆ. ನಮ್ಮ ಕೂಸು ಹುಟ್ಟಿದಾಗ ಬಂದ ಜೋಳ ಎಲ್ಲಿದಂತ ತಿಳದಿದ್ರಿ?” ನಾನು ಏನೂ ತಿಳಿದಿರಲಿಲ್ಲ ಸ್ವಾಮಿ. ಊರಿಗೆಲ್ಲ ಬಿಡಿರೆಂದು ಸಾರಿದ ಭಿಶಿಯ ರೊಟ್ಟಿಯನ್ನೇ ಉಂಡು, ಕೈ ತೊಳೆದು, ಮತ್ತೆ ಕಟ್ಟೆಗೆ ಹೋಗಿ ಕೈಪಿಡಿ ಓದಿದವನು ನಾನು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆಗಲಿ.

ಉಳಿತಾಯ ಪತ್ರವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಿಂಗಳ ಸಂಬಳದ ನನಗೂ ತಮಗೂ ಅದು ಒಪ್ಪುತ್ತದೆ. ಆ ಪಂಡಿತರೂ ಕೆಟ್ಟವರಲ್ಲ, ತಮ್ಮ ಬೀದಿಗೆ ಸರಿಯಾದದ್ದನ್ನೇ ಬರೆದಿದ್ದಾರೆ. ಅವರ ಬೀದಿಯಲ್ಲಿ ಕೆಲಸ ಹೋದರೆ ಕೆಲವು ವಾರ ಸರಕಾರ ಕೊಡುತ್ತದಂತೆ, ಮುದಿತನಕ್ಕೆ ಪಿಂಚಣಿಯಂತೆ, ಮೂಲೆಗೊಂದು ಬ್ಯಾಂಕಂತೆ. ಇಲ್ಲಿ ಆ ಮೂರೂ ಕೆಲಸವನ್ನು ಗಯಾಬಾಯಿ ಮಾಡುತ್ತಾಳೆ. ನಮ್ಮ ಹಿರಿಯರು ನಿಜಾಮನ ಹಾಲಿ ಸಿಕ್ಕಾ ರೂಪಾಯಿ ಕೂಡಿಟ್ಟವರು. ಕಣ್ಣೆದುರೇ ರಾಜ್ಯ ಹೋಯಿತು, ನಾಣ್ಯ ಹೋಯಿತು, ಜಿಲ್ಲೆಯೇ ಹೈದರಾಬಾದಿನಿಂದ ಮೈಸೂರಿಗೆ ಬಂತು. ಹಿಡಿ ಜೋಳ ಮಾತ್ರ ಯಾವ ಸರಕಾರದಲ್ಲೂ ಹಿಡಿ ಜೋಳವಾಗಿಯೇ ಉಳಿಯಿತು. ಕನ್ನಡಕ್ಕೆ ಇಳಿಸುವ ಮುನ್ನ ತಮ್ಮ ಕಚೇರಿಯವರು ಒಬ್ಬ ಬೀಸುವ ಹೆಂಗಸನ್ನಾದರೂ ಮಾತಾಡಿಸಿದ್ದರೇ? ಓದುವ ಮುನ್ನ ನಾನಾದರೂ ಮಾತಾಡಿಸಿದ್ದೆನೇ? ನನಗೆ ಅದಕ್ಕೆ ನಾಲ್ಕು ಹೆಜ್ಜೆಯೂ ನಡೆಯಬೇಕಾಗಿರಲಿಲ್ಲ.

ಈಗ ಸುಂದರಬಾಯಿ ಬಸುರಿ. ಆಷಾಢದಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುತ್ತಾಳೆ. ಭಿಶಿಯವರು ದ್ರೌಪತಿಗೆ ಮರಳಿ ಬಾ ಎಂದಿದ್ದಾರೆ, ಬಿಟ್ಟ ಹಿಡಿಗಳನ್ನು ಯಾರೂ ಕೇಳಿಲ್ಲ. ಆದರೆ ಅವಳು ಒಪ್ಪುವುದಿಲ್ಲ. ಬಿಟ್ಟ ಜೋಳವನ್ನೆಲ್ಲ ತನ್ನ ಸ್ವಂತ ಹಣದಿಂದ ಕೊಂಡು ಗಯಾಬಾಯಿಯ ಮನೆಯಲ್ಲಿ ಸುರಿದ ಮೇಲೇ ಅವರ ಸಾಲಿನಲ್ಲಿ ಕೂರುವೆ ಎನ್ನುತ್ತಾಳೆ. ಆ ಸ್ವಂತ ಹಣ ತಮ್ಮ ಬಳಿ ಇದೆ. ಬಡ್ಡಿ ಬೇಡ, ತಾವೇ ಇಟ್ಟುಕೊಳ್ಳಿ. ಅಸಲನ್ನು ಆಷಾಢಕ್ಕೆ ಮುಂಚೆ ಕೊಡಿಸಿ. ಆ ಹುಡುಗಿ ಹಸಿ ಬಾಣಂತಿಯಾಗಿ ಮತ್ತೊಮ್ಮೆ ಬೀಸುಕಲ್ಲಿನ ಮುಂದೆ ಕೂರುವುದನ್ನು ನಾನು ನೋಡಲಾರೆ.

ನಿನ್ನೆ ಈ ಪತ್ರವನ್ನು ದ್ರೌಪತಿಗೆ ಓದಿ ಹೇಳಿದೆ. ಪಂಡಿತರ ಬಗ್ಗೆ ಮೊದಲು ಬರೆದಿದ್ದ ಖಾರದ ಮಾತುಗಳನ್ನು ಅವಳೇ ಹೊಡೆದುಹಾಕಿಸಿದಳು. “ಅವರಿಗಿ ಬೈಬ್ಯಾಡ್ರಿ ಮಾಸ್ತರ,” ಅಂದಳು. “ಅವರ ಊರಾಗ ಬೀಸಾಕ ಬರೋರು ಯಾರೂ ಇಲ್ಲ ಕಾಣ್ತದ, ಪಾಪ. ಒಬ್ಬೊಬ್ಬರೇ ಕೂಡಿಡಾಕತ್ತಾರ.”

ಇಂತಿ,
ಓದಬಲ್ಲವನೆಂದು ಕೇರಿ ನಂಬಿದ್ದ
ದೇವಿದಾಸ, ಪ್ರಾಥಮಿಕ ಶಾಲೆಯ ಮಾಸ್ತರ