ಅಮ್ಮ ಹಾಲು ಬಿಟ್ಟದ್ದು

ರಾಣೆಬೆನ್ನೂರು,
೧೨ ಫೆಬ್ರವರಿ ೨೦೨೫

ಪ್ರೀತಿಯ ನಂದಿತಾ,

ನೀನೂ ದುರುಗೇಶನೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಬ್ಯಾಡಗಿಯಲ್ಲಿ ಈಗ ಮೆಣಸಿನಕಾಯಿ ಸುಗ್ಗಿ. ಆ ಘಾಟಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ. ಅಮ್ಮನಿಗೆ ಆರಾಮ ಇರಲಿಲ್ಲ. ಗಾಬರಿಯಾಗಬೇಡ, ಈಗ ಜೀವಕ್ಕೆ ಅಪಾಯವಿಲ್ಲ.

ದೀಪಾವಳಿಯ ಹೊತ್ತಿಗೇ ಅವಳ ಮುಖ ಬಿಳಿಚಿಕೊಂಡಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಾಲಿಗೆ ಕೆಂಪಗೆ ನುಣ್ಣಗಾಗಿ, ಸಾರು ಸೋಕಿದರೂ ಉರಿ ಅನ್ನುತ್ತಿದ್ದಳು. ರಕ್ತ ಕಡಿಮೆ ಅಂತ ಇಲ್ಲಿ ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಎರಡು ತಿಂಗಳು ನುಂಗಿದರೂ ಗುಣ ಕಾಣಲಿಲ್ಲ. ಸಂಕ್ರಾಂತಿ ಮುಗಿದ ವಾರ, ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯದೆ ನಡೆದು ಅಂಗಳದಲ್ಲಿ ಬಿದ್ದಳು. ಮರುದಿನವೇ ಹಾವೇರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ರಿಪೋರ್ಟು ನೋಡಿ, “ಅಮ್ಮಾರ, ಹಾಲು ಮೊಸರು ತಗೋತೀರಿಲ್ರಿ?” ಅಂದರು. ಅಮ್ಮ ಗೋಡೆ ನೋಡಿದಳು. ಐದು ವರ್ಷದಿಂದ ಮುಟ್ಟಿಲ್ಲ ಅಂತ ನಾನೇ ಹೇಳಿದೆ. ನಮ್ಮಂಥ ಸಸ್ಯಾಹಾರಿಗಳಿಗೆ ಬಿ-೧೨ ಜೀವಸತ್ವ ಸಿಗುವುದು ಹೆಚ್ಚಾಗಿ ಹಾಲು ಮೊಸರಿನಿಂದಲೇ ಅಂತೆ. ಅದು ಬರಿದಾಗಿ ರಕ್ತಕಣಗಳು ಸರಿಯಾಗಿ ಹುಟ್ಟುತ್ತಿಲ್ಲ, ನರಗಳಿಗೂ ಪೆಟ್ಟಾಗಿದೆ ಅಂದರು.

ಯಾಕೆ ಬಿಟ್ಟಳೆಂದು ನಿನಗೆ ಗೊತ್ತಿಲ್ಲ. ನೀನು ದುರುಗೇಶನನ್ನು ಮದುವೆಯಾಗಿ ಬಂದ ದಿನ ಅಪ್ಪ ಬಾಗಿಲು ಹಾಕಿದರಲ್ಲ, ಅಂದೇ ಅಮ್ಮ ದೇವರ ಮುಂದೆ ಕೂತು, “ನನ್ನ ನಂದಿ ಈ ಮನಿಗೆ ಬರೂತನಕಾ ಹಾಲು ಮೊಸರು ಮುಟ್ಟೂದಿಲ್ಲ” ಅಂದಳು. ಅಂದಿನಿಂದ ಕಡೆಯ ಅನ್ನಕ್ಕೂ ಅವಳಿಗೆ ಸಾರೇ ಬಡಿಸುತ್ತಾ ಬಂದೆ. ಖರೇ ಹೇಳುತ್ತೇನೆ, ಬಡಿಸುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಮದುವೆಯಿಲ್ಲದೆ ಉಳಿದು, ಶಾಲೆಯಿಂದ ಓಡಿ ಬಂದು ಒಲೆ ಹಚ್ಚುವ ನನಗೋಸ್ಕರ ಅವಳು ಒಂದು ದಿನ ಚಹಾದ ಸಕ್ಕರೆಯನ್ನೂ ಬಿಟ್ಟವಳಲ್ಲ. ಮನೆಯಲ್ಲೇ ಇರುವವಳಿಗೆ ಯಾರು ಹರಕೆ ಹೊರುತ್ತಾರೆ ಹೇಳು? ಮೊದಲ ಇಂಜೆಕ್ಷನ್ ಚುಚ್ಚಿದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು “ನಂದೀ” ಅಂದಳು. ನಾನು ಕೈ ಬಿಡಿಸಿಕೊಂಡು ಹೊರಗೆ ಹೋಗಿ ನಿಂತೆ.

ಇಂಜೆಕ್ಷನ್ ನಡೆದಿವೆ, ಮುಖಕ್ಕೆ ಕಳೆ ಬಂದಿದೆ. ಪಾದದ ಜೋಮು ಪೂರ್ತಿ ಹೋದೀತೆಂದು ಮಾತ್ರ ಹೇಳಲಾರರು. ಹಾಲು ಕೊಟ್ಟರೆ ಈಗಲೂ, “ಅಕಿ ಬರ್ಲಿ, ಧನೂ” ಅಂತ ಲೋಟ ಸರಿಸುತ್ತಾಳೆ.

ದುರುಗೇಶನಿಗೆ ನನ್ನ ನಮಸ್ಕಾರ ತಿಳಿಸು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಧನಶ್ರೀ

ತಾ.ಕ.: ಅಪ್ಪ ತೀರಿಕೊಂಡ ಮೇಲೆ, ಹೋದ ಯುಗಾದಿಗೆ ನೀನು ಫೋನ್ ಮಾಡಿ “ಅಕ್ಕಾ, ಈಗರೆ ಬರ್ಲೇನು?” ಅಂತ ಕೇಳಿದ್ದೆ. ಅಮ್ಮನಿಗೆ ನಿನ್ನ ಮುಖ ನೋಡುವುದು ಬೇಡವಂತೆ ಅಂದೆನಲ್ಲ, ಅದು ಅಮ್ಮನ ಮಾತಲ್ಲ. ಅವಳನ್ನು ನಾನು ಕೇಳಲೇ ಇಲ್ಲ. ಒಂದು ವರ್ಷ ಮೊದಲೇ ಹಾಲು ಕುಡಿಯತೊಡಗಿದ್ದರೆ ಕಾಲು ಇಷ್ಟು ಕೆಡುತ್ತಿರಲಿಲ್ಲವೇನೋ ಅಂದರು ಡಾಕ್ಟರಮ್ಮ. ಬರುವ ಸೋಮವಾರ ಹನ್ನೊಂದರ ಬಸ್ಸಿಗೆ ಬಾ. ಆಗ ನಾನು ಶಾಲೆಯಲ್ಲಿರುತ್ತೇನೆ. ನಿನ್ನನ್ನು ಕಂಡಾಗ ಅವಳ ಮುಖ ಹೇಗಾಗುತ್ತದೆಂದು ನೋಡಲು ನನ್ನಿಂದ ಇನ್ನೂ ಆಗುವುದಿಲ್ಲ.