ಹೊರಕಿವಿಗೆ ಬಡಿಸಿದ ರೊಟ್ಟಿ

ಮರುಮಾತಿನ ಹನ್ನೊಂದನೆಯ ವರ್ಷ, ಹೊಸ ಜೋಳದ ತಿಂಗಳು
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೧೫೦)

ಪ್ರೀತಿಯ ಶಿವಲೀಲಾ ಅಜ್ಜಿಗೆ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಕಾಗದ ಕೈ ಸೇರುವಾಗ ನಿಮಗಿನ್ನೂ ಮೂವತ್ತೇಳು, ನನಗೆ ನಲವತ್ತೆರಡು. ಯಾರು ಯಾರ ಕಾಲಿಗೆ ಬೀಳಬೇಕೋ ತಿಳಿಯದೆ ನಾನೇ ಬೀಳುತ್ತಿದ್ದೇನೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ನಿಮ್ಮವೂ ನಮಗೆ ಹಾಗೆಯೇ. ವಿಜಯಪುರದ ಕೋರ್ಟಿನಲ್ಲಿ ವಕೀಲರಾದ ನೀವು ದಿನವೂ ಆಡುವ 'ವಾಯಿದೆ' ಎಂಬ ಮಾತನ್ನೇ ನೋಡಿ. ನ್ಯಾಯ ಕೇಳಲು ಬಂದವರನ್ನು ಇನ್ನೊಮ್ಮೆ ಬನ್ನಿ ಎಂದು ವರ್ಷಗಟ್ಟಲೆ ಕಳಿಸುತ್ತಿದ್ದಿರಿ ಎಂದರೆ ನಮ್ಮ ಮಕ್ಕಳು ನಂಬುವುದೇ ಇಲ್ಲ.

ನಮ್ಮ ಹೊಳೆಯ ಎರಡು ದಂಡೆಗಳ ನಡುವೆ ನೀರಿಗಾಗಿ ಶುರುವಾದ ಜಗಳ ಬಂದೂಕಿನವರೆಗೆ ಹೋಯಿತು. ಅದನ್ನು ನಿಲ್ಲಿಸಿದ ಒಪ್ಪಂದಕ್ಕೆ ಮರುಮಾತು ಎನ್ನುತ್ತೇವೆ, ಅಲ್ಲಿಂದಲೇ ವರ್ಷ ಎಣಿಸುತ್ತೇವೆ. ಈಗ ಪರವಾಗಿಲ್ಲ. ಹೊಳೆ ದಾಟಿಸುವ ತೇಲುಬಂಡಿಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡುತ್ತವೆ, ಅವುಗಳ ಡ್ರೈವರು ನಿಮ್ಮ ಕಾಲದ ಬಸ್ಸಿನವನಂತೆಯೇ ಚಿಲ್ಲರೆ ಇಲ್ಲದವರ ಮೇಲೆ ರೇಗುತ್ತಾನೆ. ಮನೆಗಳ ಮೇಲೆ ಇಬ್ಬನಿ ಹಿಡಿಯುವ ಬಲೆ ಹಾಸಿದ್ದೇವೆ, ಕುಡಿಯುವ ನೀರು ಅದರಿಂದಲೇ. ಮಕ್ಕಳು ಒಂದು ವಾರ ಈ ದಂಡೆಯ ಶಾಲೆಗೆ, ಮರುವಾರ ಆ ದಂಡೆಯ ಶಾಲೆಗೆ ಹೋಗಿ ಎರಡೂ ಕಡೆಯ ಬೈಗುಳ ಕಲಿತು ಬರುತ್ತಾರೆ. ಜೋಳ ಮಾತ್ರ ಅದೇ ಜೋಳ. ಬೆಳಗಾದರೆ ರೊಟ್ಟಿ ಬಡಿಯುವ ಸದ್ದು ಹೊಳೆಯ ಆಚೆಗೂ ಕೇಳುತ್ತದೆ.

ಆದರೆ ಮೊದಲ ವರ್ಷಗಳಲ್ಲಿ ನಮಗೆ ನೆಮ್ಮದಿ ಇರಲಿಲ್ಲ. ನನ್ನ ಅಣ್ಣ ಗುರುಪಾದ ಜಗಳದ ಕೊನೆಯ ಬೇಸಿಗೆಯಲ್ಲಿ ಹೊಳೆಗೆ ಹೋದವನು ತಿರುಗಿ ಬಂದಿರಲಿಲ್ಲ. ಸತ್ತಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲಿ ಮಲಗಿದ್ದಾನೆಂದು ಯಾರೂ ಹೇಳುತ್ತಿರಲಿಲ್ಲ. ಅವ್ವ ಪ್ರತಿದಿನ ಅವನ ಪಾಲಿನ ರೊಟ್ಟಿ ತೆಗೆದಿಟ್ಟು, ಸಂಜೆ ಅದನ್ನು ಮುರಿದು ದನಕ್ಕೆ ಹಾಕುತ್ತಿದ್ದಳು.

ಇಂಥದ್ದನ್ನೆಲ್ಲ ಹೇಳಿಕೊಳ್ಳಲೆಂದೇ ಕೇಳ್ಮನೆ ಕಟ್ಟಿದರು. ಅಲ್ಲಿ ಕೂತು ಕೇಳುವವರು ಎರಡೂ ದಂಡೆಯವರಲ್ಲ, ನಾಡುಗಳ ಒಕ್ಕೂಟ ದೂರದಿಂದ ಕಳಿಸಿದವರು. ಅವರನ್ನು ಹೊರಕಿವಿಗಳು ಎನ್ನುತ್ತಿದ್ದೆವು. ನಮ್ಮ ಊರಿಗೆ ಬಂದವರು ದೂರದ ದ್ವೀಪವೊಂದರ ಮೆರೇಸಿ ಎಂಬ ಹೆಂಗಸು, ಅವರ ಮಾತನ್ನು ನಮ್ಮ ಭಾಷೆಗೆ, ನಮ್ಮದನ್ನು ಅವರ ಭಾಷೆಗೆ ದಾಟಿಸುವ ಕೆಲಸ ನನ್ನದು. ಒಳ್ಳೆಯವರು, ಕಾನೂನು ಬಲ್ಲವರು. ಆದರೆ ಒಕ್ಕೂಟದ ಒಂದು ನೇಮ ಅವರ ಕೈ ಕಟ್ಟಿತ್ತು. ಪಕ್ಷಪಾತದ ಮಾತು ಬರಬಾರದೆಂದು ಹೊರಕಿವಿಗಳು ಯಾವ ದಂಡೆಯವರಿಂದಲೂ ಏನನ್ನೂ ತೆಗೆದುಕೊಳ್ಳುವಂತಿರಲಿಲ್ಲ, ಒಂದು ಲೋಟ ನೀರನ್ನೂ. ಅವರು ತಮ್ಮ ಡಬ್ಬಿಯ ಊಟವನ್ನು ತಾವೇ ತಂದು, ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದರು. ನಮ್ಮ ಕಡೆ ಮನೆಗೆ ಬಂದು ಉಣ್ಣದೆ ಹೋಗುವವನು ಒಂದೋ ಸೂತಕದವನು, ಇಲ್ಲ ಹಗೆಯವನು. ಅಂಥವರ ಮುಂದೆ ಮನಸ್ಸು ಬಿಚ್ಚುವವರು ಯಾರು? ಯಾವುದಕ್ಕೂ ಒಪ್ಪದ ಎರಡು ದಂಡೆಗಳು ಇದೊಂದಕ್ಕೆ ಒಪ್ಪಿದ್ದವು. ಯಾರನ್ನು ಕೇಳಿದರೂ ಒಂದೇ ಉತ್ತರ: "ನಮಗೇನೂ ಗೊತ್ತಿಲ್ರಿ."

ನಾನೂ ಮೆರೇಸಿಯೂ ಆಚೆ ದಂಡೆಯ ದ್ಯಾಮವ್ವನ ಮನೆಗೆ ಹೋದದ್ದು ಹೀಗೆ ಸೋತು ಸುಣ್ಣವಾದ ದಿನಗಳಲ್ಲೇ. ಮುದುಕಿ ನಮ್ಮ ಮುಂದೆ ತಾಟು ಇಟ್ಟು, ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಹಾಕಿದಳು. ಹಾಕುತ್ತಲೇ ಚುಚ್ಚಿದಳು: "ಕೇಳಾಕ ಅಷ್ಟ ಬರ್ತೀರಿ, ನೀರ ಸೈತ ಮುಟ್ಟಂಗಿಲ್ಲ. ನಮ್ಮನಿ ನೀರಾಗ ಇಸ ಕಲಸೀವೇನ್ರಿ?" ನಾನು ಅದನ್ನು ಹಾಗೆಯೇ ದಾಟಿಸಿದೆ. ಮೆರೇಸಿ ಎದ್ದು ಹೋಗಿ ಕೈ ತೊಳೆದು ಬಂದು ಕೂತರು. ಒಂದು ರೊಟ್ಟಿ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದು ಬರುವಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದು ಅವರು ಅಂದರು: "ಸಾಕ್ರಿ."

ಆ ಮಾತನ್ನು ನಾನು ಕಲಿಸಿರಲಿಲ್ಲ. ಎಲ್ಲಿ ಕಲಿತಿರೆಂದು ಕೇಳಿದರೆ, "ಇದು ನಿಮ್ಮ ಭಾಷೆಯ ಮಾತೇ? ನಮ್ಮ ಮನೆಯದಲ್ಲವೇ?" ಎಂದು ಅವರೇ ಬೆರಗಾದರು. ಅವರ ಮುತ್ತಜ್ಜಿ ಚಿಕ್ಕವಳಿದ್ದಾಗ ಆ ದ್ವೀಪದಲ್ಲೂ ಯುದ್ಧ ನಡೆದಿತ್ತಂತೆ. ಆಮೇಲೆ ದೂರದೇಶದಿಂದ ಒಬ್ಬ ವಕೀಲೆ ಬಂದು, ಮನೆಮನೆಯ ಚಾಪೆಯ ಮೇಲೆ ಕೂತು ಉಂಡು, ಹೇಳಿದ್ದೆಲ್ಲ ಕೇಳಿದಳಂತೆ. ಮೀನು ಮುಟ್ಟದ ಅವಳಿಗಾಗಿ ಗೆಣಸು ಬೇಯಿಸಲು ಬೇರೆ ಗಡಿಗೆಯನ್ನೇ ಇಟ್ಟಿದ್ದರಂತೆ. ತಾಟು ತುಂಬಿದಾಗ ಅವಳು ಹೇಳುತ್ತಿದ್ದ ಮಾತು ಆ ಮನೆಯಲ್ಲಿ ಉಳಿದುಹೋಗಿದೆ. ಹೆಸರು ಕೇಳಿದೆ. ಶಿವಲೀಲಾ ಅಂದರು. ಅಜ್ಜಿ, ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಇದನ್ನೆಲ್ಲ ನನ್ನ ಬಾಯಿಂದ ಕೇಳಿದ ದ್ಯಾಮವ್ವ ನನ್ನ ಕಡೆ ತಿರುಗಿದಳು. "ನೀ ಗುರುಪಾದನ ತಂಗಿ ಅಂತ ನನಗ ಗೊತ್ತೈತಿ ಯವ್ವಾ. ನಿಮ್ಮಣ್ಣ ಹೊಳಿ ನೀರ ಎತ್ತೂ ಜಾಕ್‌ವೆಲ್ ಹಿಂದ, ಹುಣಸಿ ಗಿಡದ ಬುಡಕ ಅದಾನ. ಹೊಡದಾಂವ ನನ್ನ ಮಗ ಯಮನೂರ. ನಾನ ನನ್ನ ಕೌದಿ ಹೊಚ್ಚಿ ಮಣ್ಣ ಮಾಡೀನಿ." ಇಷ್ಟು ಹೇಳಿದರೆ ತನ್ನ ಒಬ್ಬನೇ ಮಗ ಸೆರೆಮನೆಗೆ ಹೋಗುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಆ ಮಾತನ್ನು ದಾಟಿಸಲಾಗಲಿಲ್ಲ. ಮೆರೇಸಿ ಅವಸರ ಮಾಡಲಿಲ್ಲ, ನನ್ನ ಕೈ ಹಿಡಿದು ಕೂತರು. ಅತ್ತು ಮುಗಿದ ಮೇಲೆ ಒಂದೊಂದೇ ಮಾತು ಹೇಳಿದೆ.

ಮರುದಿನ ಮೆರೇಸಿ ನಮ್ಮ ದಂಡೆಗೆ ಬಂದು ಅವ್ವನ ಕೈಯ ರೊಟ್ಟಿಯನ್ನೂ ಉಂಡರು, ಎರಡೂ ಕಡೆ ಉಂಡಿದ್ದೇನೆಂದು ಒಕ್ಕೂಟಕ್ಕೆ ತಾವೇ ತಿಳಿಸಿದರು. ಅಲ್ಲಿಯವರು ಉರಿದುಬಿದ್ದರು. ಆದರೆ ಆ ವಾರ ಕೇಳ್ಮನೆಯ ಬಾಗಿಲಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಜನ ಸೇರಿದ್ದರು, ಕೊನೆಗೆ ನೇಮವನ್ನೇ ಬದಲಿಸಿದರು. ಹುಣಸೆಯ ಬುಡದಲ್ಲಿ ಕೌದಿಯೂ ಸಿಕ್ಕಿತು, ಅಣ್ಣನೂ ಸಿಕ್ಕಿದ. ಯಮನೂರ ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆಗೆ ಹೋದ.

ನಿನ್ನೆ ಅಣ್ಣನ ಪುಣ್ಯತಿಥಿ. ಇಷ್ಟು ವರ್ಷ ದ್ಯಾಮವ್ವನ ಹೆಸರೆತ್ತದ ಅವ್ವ ಮೊದಲ ಬಾರಿ ಅವಳನ್ನು ಊಟಕ್ಕೆ ಕರೆಸಿದಳು. ಅಣ್ಣನ ಪಾಲಿನ ರೊಟ್ಟಿಯನ್ನು ಅವಳ ತಾಟಿಗೆ ಹಾಕಿದಳು, ಮತ್ತೊಂದು ಹಾಕಿದಳು. ಅವ್ವ ಬಡಿಸುವುದನ್ನು ನಿಲ್ಲಿಸಲಿಲ್ಲ, ದ್ಯಾಮವ್ವ ಸಾಕು ಅನ್ನಲಿಲ್ಲ. ಇಬ್ಬರು ಮುದುಕಿಯರ ಕಣ್ಣಲ್ಲೂ ನೀರು.

ಅಜ್ಜಿ, ಅಲ್ಲಿಯವರ ಮಾತು ಕೇಳಲು ಬನ್ನಿ ಎಂದು ಆ ದ್ವೀಪದಿಂದ ನಿಮಗೆ ಈಗಷ್ಟೇ ಕರೆ ಬಂದಿದೆ. ಮಗಳಿಗೆ ಇನ್ನೂ ಐದು ವರ್ಷ, ಯಾರದೋ ದೇಶದ ಜಗಳ ನಮಗೇಕೆ ಎಂದು ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದಾರೆ, ನಿಮಗೂ ಹಾಗೆಯೇ ಅನಿಸುತ್ತಿದೆ. ನೀವು ಹೋದಿರೆಂದು ನನಗೆ ಗೊತ್ತು, ಆದರೂ ನಾನು ಈ ಕಾಗದ ಬರೆಯದಿದ್ದರೆ ಎಲ್ಲಿ ಹೋಗದೆ ಉಳಿದುಬಿಡುತ್ತೀರೋ ಎಂಬ ಅಂಜಿಕೆ. ಹೋಗಿ. ಮಗಳನ್ನು ನಿಮ್ಮ ಅತ್ತೆ ನೋಡಿಕೊಳ್ಳುತ್ತಾರೆ, ಅವಳೇನೂ ಸೊರಗುವುದಿಲ್ಲ. ಅಲ್ಲಿ ಚಾಪೆ ಹಾಸಿ ನಿಮಗೆ ಬಡಿಸುತ್ತಾರೆ. ಸಾಕ್ರಿ ಅನ್ನುವುದನ್ನು ಮರೆಯಬೇಡಿ. ಆದರೆ ಸ್ವಲ್ಪ ತಡೆದು ಅನ್ನಿ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ನಿಂಬೆವ್ವ